ಓಡುವ ಬಂಡಿಯನ್ನು ನಿಲ್ಲಿಸುವ ವಿದ್ಯೆ

ಮೋಟಾರು ಬಂಡಿಯು ಹುಟ್ಟಿ ಓಡಿದ ಕಥೆಯನ್ನು ಕೇಳದವರು ವಿರಳ. ಜರ್ಮನಿಯ ಕಾರ್ಲ್ ಬೆಂಜ್ ಮಹಾಶಯನು ತನ್ನ ಮೂರು ಚಕ್ರದ ಪೆಟ್ರೋಲು ಬಂಡಿಗಾಗಿ ೧೮೮೬ನೆಯ ಇಸವಿಯ ಜನವರಿ ೨೯ರಂದು ಪೇಟೆಂಟಿಗೆ ಅರ್ಜಿಯನ್ನು ಸಲ್ಲಿಸಿದುದು, ಅಲ್ಲಿಂದ ಮುಂದಕ್ಕೆ ಬಂಡಿಯ ವೇಗವು ವರ್ಷದಿಂದ ವರ್ಷಕ್ಕೆ ಏರುತ್ತ ಹೋದುದು, ಇವೆಲ್ಲ ಪಠ್ಯಪುಸ್ತಕಗಳಲ್ಲಿಯೇ ದೊರೆಯುವ ಸಂಗತಿಗಳು. ಆದರೆ ಓಡುವುದನ್ನು ಕಲಿತ ಈ ಬಂಡಿಯು ನಿಲ್ಲುವುದನ್ನು ಹೇಗೆ ಕಲಿಯಿತು? ಈ ಪ್ರಶ್ನೆಯನ್ನು ಕೇಳುವವರು ಕಡಮೆ. ಓಡುವ ವಿದ್ಯೆಗೆ ಹಿಡಿದುದಕ್ಕಿಂತ ಹೆಚ್ಚು ಕಾಲವು ನಿಲ್ಲುವ ವಿದ್ಯೆಗೆ ಹಿಡಿಯಿತೆಂದರೆ ಅತಿಶಯೋಕ್ತಿಯಾಗದು.

ಕನ್ನಡದಲ್ಲಿ ‘ನಿಲ್ಲಿಸು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಓಡುತ್ತಿರುವುದನ್ನು ತಡೆಯುವುದೂ ನಿಲ್ಲಿಸುವುದೇ. ತಡೆದುದನ್ನು ಒಂದೆಡೆ ಇರಿಸುವುದೂ ನಿಲ್ಲಿಸುವುದೇ. ಮೋಟಾರು ಬಂಡಿಯ ಮಟ್ಟಿಗೆ ಈ ಎರಡು ಅರ್ಥಗಳೂ ಎರಡು ದೊಡ್ಡ ಸಮಸ್ಯೆಗಳಾಗಿ ಪರಿಣಮಿಸಿದವು. ಅವುಗಳನ್ನು ಬಿಡಿಸಲೆಂದು ಹಳೆಯ ಕಾಲದ ಉಪಜ್ಞೆಗಾರರು ಹೂಡಿದ ಉಪಾಯಗಳಲ್ಲಿ ಕೆಲವು ನಗೆಯನ್ನು ತರಿಸುತ್ತವೆ, ಕೆಲವು ಬೆರಗನ್ನು ಹುಟ್ಟಿಸುತ್ತವೆ. ಆದರೆ ಅವುಗಳ ಸೋಲು ಗೆಲವುಗಳನ್ನು ಒಂದೇ ಸರಳವಾದ ತತ್ತ್ವವು ನಿರ್ಣಯಿಸಿತೆಂಬುದು ಗಮನಾರ್ಹವಾದ ವಿಷಯ. ಅದೇನೆಂಬುದನ್ನು ನಾವೀಗ ಪರಿಶೀಲಿಸೋಣ.

ಕೆಂಪು ಬಾವುಟದ ಕಾಲ

ಪೆಟ್ರೋಲು ಬಂಡಿಗಿಂತ ಮೊದಲೇ ಇಂಗ್ಲೆಂಡಿನ ರಸ್ತೆಗಳಲ್ಲಿ ಉಗಿಬಂಡಿಗಳು ಓಡಾಡುತ್ತಿದ್ದವು. ಅವುಗಳನ್ನು ಹತೋಟಿಯಲ್ಲಿಡಲು ೧೮೬೫ರಲ್ಲಿ ಒಂದು ಶಾಸನವಾಯಿತು. ಹಳ್ಳಿಗಾಡಿನಲ್ಲಿ ಗಂಟೆಗೆ ೪ ಮೈಲಿ, ಊರೊಳಗೆ ೨ ಮೈಲಿ. ಇದಕ್ಕಿಂತ ವೇಗವಾಗಿ ಬಂಡಿಯನ್ನು ನಡೆಸಕೂಡದು. ಸಾಲದೆಂಬಂತೆ, ಕೆಂಪು ಬಾವುಟವನ್ನು ಹಿಡಿದ ಒಬ್ಬ ಮನುಷ್ಯನು ಬಂಡಿಯ ಮುಂದೆ ೬೦ ಗಜ ದೂರದಲ್ಲಿ ನಡೆಯುತ್ತ ಹೋಗಬೇಕು! ಈ ನಿರ್ಬಂಧಗಳು ಕಾಲಕ್ರಮದಲ್ಲಿ ಸಡಿಲವಾಗಿ, ೧೮೯೬ನೆಯ ಇಸವಿಯಲ್ಲಿ ಹೊಸ ಶಾಸನವು ಬಂದು ವೇಗದ ಮಿತಿಯು ಗಂಟೆಗೆ ೧೪ ಮೈಲಿಗೆ ಏರಿತು.

ಅದೇ ೧೮೯೬ರ ಆಗಸ್ಟ್ ೧೭ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಮಹಿಳೆಯು, ಪ್ರದರ್ಶನಕ್ಕೆಂದು ಓಡಿಸುತ್ತಿದ್ದ ಮೋಟಾರು ಬಂಡಿಗೆ ಸಿಕ್ಕಿ ಮೃತಳಾದಳು. ಬ್ರಿಟನ್ನಿನಲ್ಲಿ ಪೆಟ್ರೋಲು ಬಂಡಿಗೆ ಬಲಿಯಾದ ಮೊದಲ ಪಾದಚಾರಿ ಈಕೆ. ಬಂಡಿಯ ವೇಗವನ್ನು ಗಂಟೆಗೆ ೪ ಮೈಲಿಗೆ ಮಿತಿಗೊಳಿಸಲಾಗಿತ್ತೆಂದು ವಿಚಾರಣೆಯ ಕಾಲದಲ್ಲಿ ಹೇಳಲಾಯಿತು. ಇಂಥ ಘಟನೆಯು ಮತ್ತೆಂದೂ ನಡೆಯದಿರಲೆಂದು ವಿಚಾರಣಾಧಿಕಾರಿಯು ಹಾರೈಸಿದನೆಂದು ವರದಿಯಾಗಿದೆ. ಆ ಹಾರೈಕೆಯು ಫಲಿಸಲಿಲ್ಲವೆಂಬುದನ್ನು ನಾವೆಲ್ಲರೂ ಬಲ್ಲೆವು.

ಚಮ್ಮಾರನ ತೊಗಲು

ಬಂಡಿಯನ್ನು ತಡೆಯುವ ವಿದ್ಯೆಯ ಮೊದಲ ಪಾಠವು ಒಬ್ಬ ಮಹಿಳೆಯಿಂದಲೇ ದೊರೆಯಿತು. ೧೮೮೮ರ ಆಗಸ್ಟ್ ತಿಂಗಳಲ್ಲಿ ಕಾರ್ಲ್ ಬೆಂಜನ ಪತ್ನಿಯಾದ ಬೆರ್ಥಾ ಬೆಂಜಳು ತನ್ನ ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮ್ ನಗರದಿಂದ ಪ್‌ಫೋರ್ಟ್ಸ್‌ಹೈಮ್‌ವರೆಗೆ, ಸುಮಾರು ೧೦೦ ಕಿಲೋಮೀಟರುಗಳ ದಾರಿಯನ್ನು ಪತಿಯ ಬಂಡಿಯಲ್ಲಿಯೇ ಕ್ರಮಿಸಿದಳು. ಆ ಬಂಡಿಯ ಬ್ರೇಕು ಮರದ ತುಂಡುಗಳಿಂದಾದುದು. ಇಳಿಜಾರುಗಳಲ್ಲಿ ಉಜ್ಜಿ ಉಜ್ಜಿ ಮರವು ಸವೆದುಹೋಯಿತು. ಬೆರ್ಥಾ ದಾರಿಯಲ್ಲಿದ್ದ ಒಬ್ಬ ಚಮ್ಮಾರನನ್ನು ಕರೆದು ಆ ತುಂಡುಗಳಿಗೆ ತೊಗಲನ್ನು ಹೊಡೆಸಿದಳು. ಸವೆಯುವ ಭಾಗವನ್ನು ಬೇರೆಯಾಗಿ ಹೊದಿಸಿ, ಸವೆದಾಗ ಅದನ್ನು ಮಾತ್ರ ಬದಲಾಯಿಸುವ ಈ ಕ್ರಮವು ಇಂದಿನ ಬ್ರೇಕುಗಳಲ್ಲಿಯೂ ಉಳಿದು ಬಂದಿದೆ.

ಬ್ರೇಕಿನ ಕೆಲಸವೇನು? ಓಡುವ ಬಂಡಿಯಲ್ಲಿ ಅಡಗಿರುವ ಚಲನಶಕ್ತಿಯನ್ನು ಘರ್ಷಣೆಯ ಮೂಲಕ ಶಾಖವಾಗಿ ಮಾರ್ಪಡಿಸುವುದು. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಆದುದರಿಂದ ವೇಗವು ಇಮ್ಮಡಿಯಾದರೆ ನಿಲ್ಲಲು ಬೇಕಾಗುವ ದೂರವು ನಾಲ್ಮಡಿಯಾಗುತ್ತದೆ. ಒಣಗಿದ ಒಳ್ಳೆಯ ರಸ್ತೆಯಲ್ಲಿ, ನಾಲ್ಕು ಚಕ್ರಗಳಿಗೂ ಬ್ರೇಕು ಬಿದ್ದಾಗ, ಗಂಟೆಗೆ ೪೦ ಕಿಲೋಮೀಟರು ವೇಗದ ಬಂಡಿಯು ಸುಮಾರು ೯ ಮೀಟರುಗಳಲ್ಲಿ ನಿಲ್ಲುವುದಾದರೆ, ೮೦ ಕಿಲೋಮೀಟರು ವೇಗದ ಬಂಡಿಗೆ ೩೬ ಮೀಟರು ಬೇಕು. ವೇಗವನ್ನು ಸ್ವಲ್ಪವೇ ಹೆಚ್ಚಿಸಿದೆನೆಂದು ಚಾಲಕನು ತಿಳಿದರೂ ಗಣಿತಶಾಸ್ತ್ರವು ಹಾಗೆ ತಿಳಿಯುವುದಿಲ್ಲ.

ಆದರೆ ಆ ಕಾಲದ ಬಂಡಿಗಳಿಗೆ ಬ್ರೇಕು ಇದ್ದುದು ಬಹುಮಟ್ಟಿಗೆ ಹಿಂದಿನ ಚಕ್ರಗಳಿಗೆ ಮಾತ್ರ. ಓಡುವ ಬಸ್ಸು ಥಟ್ಟನೆ ನಿಂತಾಗ ನಿಂತಿರುವವರು ಮುಂದಕ್ಕೆ ವಾಲುವುದನ್ನು ವಾಚಕರು ನೋಡಿರಬಹುದು. ಬಂಡಿಯ ಭಾರವೂ ಹಾಗೆಯೇ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಹಿಂದಿನ ಚಕ್ರಗಳ ಹಿಡಿತವು ಸಡಿಲವಾಗುತ್ತದೆ. ಎಂದರೆ, ಬ್ರೇಕು ಎಲ್ಲಿ ಹೆಚ್ಚು ಪ್ರಯೋಜನಕಾರಿಯೋ ಅಲ್ಲಿಯೇ ಬ್ರೇಕು ಇರಲಿಲ್ಲ. ಇದರಿಂದ ನಿಲ್ಲುವ ದೂರವು ಎರಡು ಪಟ್ಟಿಗೂ ಮಿಕ್ಕಿ ಬೆಳೆಯುತ್ತಿತ್ತು. ಮುಂದಿನ ಚಕ್ರಗಳಿಗೆ ಬ್ರೇಕು ಹಾಕಿದರೆ ಬಂಡಿಯು ಮಗುಚೀತೆಂಬ ಅಂಜಿಕೆ ಜನರಲ್ಲಿತ್ತು. ಅಲ್ಲದೆ ಎಡಬಲಕ್ಕೆ ತಿರುಗುವ ಚಕ್ರಗಳಿಗೆ ಸರಳುಗಳ ಮೂಲಕ ಸಮನಾದ ಬಲವನ್ನು ಮುಟ್ಟಿಸುವುದು ಕಷ್ಟವಾಗಿತ್ತು.

ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರನು ೧೯೦೨ರಲ್ಲಿಯೇ ತಟ್ಟೆಯಾಕಾರದ ಬ್ರೇಕಿಗೆ ಪೇಟೆಂಟನ್ನು ಪಡೆದಿದ್ದನು. ಚಕ್ರದೊಡನೆ ತಿರುಗುವ ಲೋಹದ ತಟ್ಟೆಯನ್ನು ಎರಡು ಕಡೆಗಳಿಂದ ಹಿಡಿದು ಒತ್ತುವ ಉಪಾಯವದು. ಆದರೆ ಲೋಹವು ಲೋಹವನ್ನು ಉಜ್ಜುವಾಗ ಏಳುತ್ತಿದ್ದ ಕಿರಿಚಾಟವನ್ನು ಸಹಿಸುವವರಾರು? ಅರ್ಧ ಶತಮಾನ ಕಳೆದು, ತಕ್ಕ ಘರ್ಷಣ ವಸ್ತುಗಳು ದೊರೆತ ಮೇಲೆ, ಅದೇ ಉಪಾಯವು ಎಲ್ಲೆಡೆಯೂ ಬಳಕೆಗೆ ಬಂದಿತು.

ಸಮನಾದ ಬಲದ ಸಮಸ್ಯೆಯನ್ನು ಬಿಡಿಸಿದುದು ಪಾಸ್ಕಲನ ನಿಯಮ. ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡವು ಎಲ್ಲ ದಿಕ್ಕುಗಳಿಗೂ ಒಂದೇ ಪ್ರಮಾಣದಲ್ಲಿ ಹರಡುತ್ತದೆಂಬುದನ್ನು ಪ್ರೌಢಶಾಲೆಯಲ್ಲಿಯೇ ಕಲಿಯುತ್ತೇವೆ. ಅಮೆರಿಕದ ಮಾಲ್ಕಮ್ ಲಾಕ್‌ಹೀಡನು ಈ ನಿಯಮವನ್ನಾಧರಿಸಿ ದ್ರವದ ಒತ್ತಡದಿಂದ ನಡೆಯುವ ಬ್ರೇಕನ್ನು ರೂಪಿಸಿ ೧೯೧೭ರಲ್ಲಿ ಪೇಟೆಂಟನ್ನು ಪಡೆದನು. ೧೯೨೧ರಲ್ಲಿ ಡ್ಯೂಸೆನ್‌ಬರ್ಗ್ ಬಂಡಿಗಳು ನಾಲ್ಕು ಚಕ್ರಗಳಿಗೂ ಅಂಥ ಬ್ರೇಕುಗಳನ್ನು ತೊಟ್ಟು ಬಂದವು. ಅದೇ ವರ್ಷ ಫ್ರಾನ್ಸಿನ ಗ್ರಾಂಡ್ ಪ್ರೀ ಪಂದ್ಯದಲ್ಲಿ ಡ್ಯೂಸೆನ್‌ಬರ್ಗ್ ಬಂಡಿಯೇ ಗೆದ್ದಿತು. ವೇಗದ ಪಂದ್ಯವನ್ನು ಗೆಲ್ಲುವುದಕ್ಕೂ ನಿಲ್ಲುವ ವಿದ್ಯೆಯು ಬೇಕೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು.

ಇಲ್ಲಿ ಒಂದು ವಿನೋದವೂ ಉಂಟು. ಯೂರೋಪಿನ ಕೆಲವು ಚಾಲಕರು ನಾಲ್ಕು ಚಕ್ರಗಳ ಬ್ರೇಕುಳ್ಳ ತಮ್ಮ ಬಂಡಿಗಳ ಹಿಂಬದಿಗೆ ಕೆಂಪು ತ್ರಿಕೋನವನ್ನು ಕಟ್ಟಿಕೊಳ್ಳುತ್ತಿದ್ದರು. ‘ನಾನು ಬೇಗ ನಿಲ್ಲಬಲ್ಲೆ, ನೀನು ದೂರವಿರು’ ಎಂದು ಹಿಂದೆ ಬರುವವನಿಗೆ ಎಚ್ಚರಿಕೆ! ಒಬ್ಬನ ಸುರಕ್ಷತೆಯು ಇನ್ನೊಬ್ಬನ ಅಪಾಯವಾಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕಿಲ್ಲ.

ಕಾಣಿಸುವುದು, ತಿಳಿಸುವುದು

ಬ್ರೇಕು ಎಷ್ಟೇ ಚೆನ್ನಾಗಿರಲಿ, ಅಪಾಯವನ್ನು ಕಂಡು ಚಾಲಕನು ಕಾಲನ್ನು ಒತ್ತುವ ತನಕ ಬಂಡಿಯು ಓಡುತ್ತಲೇ ಇರುತ್ತದೆ. ಗಂಟೆಗೆ ೪೦ ಕಿಲೋಮೀಟರು ವೇಗದಲ್ಲಿ ಒಂದು ಸೆಕೆಂಡು ತಡವಾದರೆ ೧೧ ಮೀಟರು ಕಳೆದುಹೋಗುತ್ತದೆ. ಹೀಗಿರಲು, ಚಾಲಕನಿಗೆ ದಾರಿಯನ್ನು ಸ್ಪಷ್ಟವಾಗಿ ತೋರಿಸುವ ಸಾಧನವೂ, ಅವನ ಮನಸ್ಸಿನಲ್ಲಿರುವುದನ್ನು ಹಿಂದಿನವರಿಗೆ ತಿಳಿಸುವ ಸಾಧನವೂ ಬ್ರೇಕಿನಷ್ಟೇ ಬೆಲೆಯುಳ್ಳವು.

ಅಮೆರಿಕದ ಅಲಬಾಮಾ ಪ್ರಾಂತದ ಮೇರಿ ಆಂಡರ್ಸನಳು ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋಗಿದ್ದಾಗ, ಹಿಮದಿಂದ ಮಸುಕಾದ ಗಾಜಿನ ಹಿಂದೆ ಕುಳಿತು ಟ್ರಾಮನ್ನು ನಡೆಸುವ ಚಾಲಕನ ಪಾಡನ್ನು ಕಂಡಳು. ಒಳಗಿನಿಂದಲೇ ಸನ್ನೆಗೋಲನ್ನು ಆಡಿಸಿ ರಬ್ಬರಿನ ಪಟ್ಟಿಯಿಂದ ಗಾಜನ್ನು ಒರಸುವ ಸಾಧನಕ್ಕೆ ೧೯೦೩ರ ನವೆಂಬರ್ ೧೦ರಂದು ಆಕೆಗೆ ಪೇಟೆಂಟು ದೊರೆಯಿತು. ಕೊಳ್ಳುವವರು ಮಾತ್ರ ದೊರೆಯಲಿಲ್ಲ. ಮೂಕಚಿತ್ರಗಳ ಪ್ರಖ್ಯಾತ ನಟಿಯಾಗಿದ್ದ ಫ್ಲಾರೆನ್ಸ್ ಲಾರೆನ್ಸಳು ೧೯೧೦ರ ದಶಕದಲ್ಲಿ ತನ್ನ ಬಂಡಿಗೆ ಒಂದು ಸಂಜ್ಞೆಯ ತೋಳನ್ನು ಹೊಂದಿಸಿದಳು. ಗುಂಡಿಯನ್ನು ಒತ್ತಿದರೆ ಹಿಂಬದಿಯ ತೋಳು ಎದ್ದು ತಿರುಗುವ ದಿಕ್ಕನ್ನು ತಿಳಿಸುತ್ತಿತ್ತು; ಬ್ರೇಕನ್ನು ಒತ್ತಿದರೆ ‘ನಿಲ್ಲು’ ಎಂಬ ಫಲಕವು ಮೇಲೇಳುತ್ತಿತ್ತು. ಆಕೆಯು ಪೇಟೆಂಟನ್ನು ಪಡೆಯಲೇ ಇಲ್ಲ. ಆಕೆಯ ತಾಯಿಯಾದ ಶಾರ್ಲೆಟ್ ಬ್ರಿಜ್‌ವುಡ್ ೧೯೧೭ರಲ್ಲಿ ವಿದ್ಯುತ್ತಿನಿಂದ ನಡೆಯುವ ಒರಸುಗಕ್ಕೆ ಪೇಟೆಂಟನ್ನು ಪಡೆದಳು. ಇಂದು ಪ್ರತಿಯೊಂದು ಬಂಡಿಯಲ್ಲಿಯೂ ಇರುವ ಈ ಸಾಧನಗಳಿಂದ ಅವರಿಗೆ ಹಣವೂ ಬರಲಿಲ್ಲ, ಬಹುಕಾಲ ಹೆಸರೂ ಬರಲಿಲ್ಲ.

ಪಾದಚಾರಿಗೆ ಬಲೆ

ಹಾಗಿದ್ದರೂ ಅಡ್ಡ ಬಂದವನ ಗತಿಯೇನು? ಟ್ರಾಮುಗಳ ಮುಂಭಾಗದಲ್ಲಿ, ಬಿದ್ದವನನ್ನು ಚಕ್ರಗಳ ಕೆಳಕ್ಕೆ ಬಿಡದೆ ಎತ್ತಿಕೊಳ್ಳುವ ಜಾಲರಿಯೊಂದನ್ನು ಕಟ್ಟುವುದು ರೂಢಿಯಲ್ಲಿತ್ತು. ಅದನ್ನೇ ಮೋಟಾರು ಬಂಡಿಗೂ ಕಟ್ಟಿದರೇನೆಂದು ಯೂರೋಪು ಅಮೆರಿಕಗಳ ಹಲವರು ಯೋಚಿಸಿದರು. ೧೯೨೦ ಮತ್ತು ೧೯೩೦ರ ದಶಕಗಳಲ್ಲಿ ಮುಂದಕ್ಕೆ ಚಾಚಿದ ಬಲೆಗಳನ್ನೂ ಮೊರದಂಥ ಗೋರುಗಳನ್ನೂ ತೊಟ್ಟ ಬಂಡಿಗಳು ಪ್ರದರ್ಶನಕ್ಕೆ ಬಂದವು. ಧೈರ್ಯಶಾಲಿಗಳು ತಾವೇ ಅಡ್ಡ ನಿಂತು ಬಲೆಯೊಳಕ್ಕೆ ಬಿದ್ದು ನಗುನಗುತ್ತ ಎದ್ದು ತೋರಿಸಿದರು. ಆದರೂ ಅವು ಬಳಕೆಗೆ ಬರಲಿಲ್ಲ. ಏಕೆ?

ಒಂದು ಸಣ್ಣ ಲೆಕ್ಕವನ್ನು ಮಾಡೋಣ. ವೇಗದ ವರ್ಗವನ್ನು, ಆ ವೇಗವು ಬದಲಾಗಲು ದೊರೆತ ದೂರದ ಇಮ್ಮಡಿಯಿಂದ ಭಾಗಿಸಿದರೆ ವೇಗೋತ್ಕರ್ಷವು ಸಿಗುತ್ತದೆ. ಬಲೆಯು ಅರ್ಧ ಮೀಟರಿನಷ್ಟು ಬಗ್ಗುತ್ತದೆಂದು ಇಟ್ಟುಕೊಳ್ಳೋಣ. ಬಂಡಿಯ ವೇಗವು ಗಂಟೆಗೆ ೧೫ ಕಿಲೋಮೀಟರು ಆಗಿದ್ದರೆ, ನಿಂತಿದ್ದ ಮನುಷ್ಯನ ಮೇಲೆ ಬೀಳುವ ಬಲವು ಅವನ ತೂಕದ ಎರಡು ಪಟ್ಟಿಗಿಂತ ಕಡಮೆ. ಅದನ್ನು ಸಹಿಸಬಹುದು. ವೇಗವು ೫೦ ಕಿಲೋಮೀಟರು ಆದರೆ ಅದೇ ಬಲವು ತೂಕದ ಸುಮಾರು ೨೦ ಪಟ್ಟಾಗುತ್ತದೆ! ಬಲೆಯು ರಕ್ಷಿಸುವ ಬದಲು ಎತ್ತಿ ಎಸೆಯುತ್ತದೆ. ನಿಧಾನವಾಗಿ ಚಲಿಸುವ ಟ್ರಾಮಿಗೆ ಒಗ್ಗಿದ ಉಪಾಯವು ವೇಗದ ಮೋಟಾರಿಗೆ ಒಗ್ಗಲಿಲ್ಲ. ಪ್ರದರ್ಶನದ ಬಂಡಿಗಳು ಮೆಲ್ಲನೆ ಚಲಿಸುತ್ತಿದ್ದುದರಿಂದಲೇ ಬಲೆಗೆ ಬಿದ್ದವರು ನಗುತ್ತ ಎದ್ದರೆಂಬುದು ಈಗ ಸ್ಪಷ್ಟವಾಯಿತಷ್ಟೆ.

ನಾವು ಹುಡುಕುತ್ತಿದ್ದ ತತ್ತ್ವವು ಇದೇ. ವೇಗವನ್ನು ಇಲ್ಲವಾಗಿಸಲು ದೂರ ಬೇಕು. ಆ ದೂರವನ್ನು ಎಲ್ಲಿಂದಲಾದರೂ ತಂದುಕೊಡುವ ಸಾಧನವು ಬದುಕುತ್ತದೆ. ತಂದುಕೊಡಲಾರದ ಸಾಧನವು ಎಷ್ಟೇ ಚತುರವಾಗಿರಲಿ, ಸಾಯುತ್ತದೆ.

ಬಂಡಿಯೊಳಗಿನವರ ರಕ್ಷಣೆ

ಇದೇ ಅಳತೆಗೋಲನ್ನು ಬಂಡಿಯೊಳಗೂ ಹಿಡಿದು ನೋಡೋಣ. ೫೦ ಕಿಲೋಮೀಟರು ವೇಗದ ಬಂಡಿಯು ಗೋಡೆಗೆ ಬಡಿದಾಗ ಒಳಗಿರುವವನು ಜಡತ್ವದಿಂದ ಅದೇ ವೇಗದಲ್ಲಿ ಮುಂದಕ್ಕೆ ನುಗ್ಗುತ್ತಾನೆ. ಅವನ ತಲೆಯು ಗಟ್ಟಿಯಾದ ಹಲಗೆಗೆ ತಗುಲಿ ಮೂರು ಸೆಂಟಿಮೀಟರುಗಳಲ್ಲಿ ನಿಂತರೆ, ತಲೆಯ ಮೇಲಿನ ಬಲವು ಅದರ ತೂಕದ ಮುನ್ನೂರು ಪಟ್ಟಿಗೂ ಮೀರುತ್ತದೆ. ಅದೇ ದೇಹವನ್ನು ಬಂಡಿಯೊಡನೆ ಬಿಗಿದು, ಬಂಡಿಯ ಮೂತಿಯು ೬೦ ಸೆಂಟಿಮೀಟರು ನುಗ್ಗಾಗುವಷ್ಟರಲ್ಲಿ ನಿಲ್ಲಿಸಿದರೆ, ಅದು ಹದಿನಾರು ಪಟ್ಟಿಗೆ ಇಳಿಯುತ್ತದೆ. ಆಸ್ಟ್ರಿಯಾ ಮೂಲದ ಬೇಲಾ ಬಾರೇನಿ ಎಂಬ ಎಂಜಿನಿಯರನು ೧೯೫೦ರ ದಶಕದ ಆರಂಭದಲ್ಲಿ ಪೇಟೆಂಟು ಪಡೆದ ವಿನ್ಯಾಸದ ಮರ್ಮವು ಇದೇ. ನಡುವಿನ ಕೋಣೆ ಗಟ್ಟಿಯಾಗಿರಲಿ, ಮುಂದಿನ ಹಿಂದಿನ ಭಾಗಗಳು ಬೇಕೆಂದೇ ಮೆದುವಾಗಿರಲಿ ಎಂದನು ಅವನು. ಬಂಡಿಯು ಗಟ್ಟಿಯಾದಷ್ಟೂ ಕ್ಷೇಮವೆಂಬ ಅದುವರೆಗಿನ ನಂಬಿಕೆಯು ಇದರಿಂದ ತಲೆಕೆಳಗಾಯಿತು. ೧೯೫೯ರಲ್ಲಿ ಸ್ವೀಡನ್ನಿನ ವೋಲ್ವೋ ಕಾರ್ಖಾನೆಯ ನಿಲ್ಸ್ ಬೋಲೀನನು ಮೂರು ಕಡೆ ಬಿಗಿಯುವ ಸೊಂಟ–ಭುಜಪಟ್ಟಿಯನ್ನು ಬಳಕೆಗೆ ತಂದನು. ಆ ಸಂಸ್ಥೆಯು ಅದನ್ನು ಇತರ ತಯಾರಕರೂ ಬಳಸಲು ಬಿಟ್ಟುಕೊಟ್ಟಿತು.

ಅಮೆರಿಕದ ಜಾನ್ ಹೆಟ್ರಿಕನು ೧೯೫೨ರಲ್ಲಿ ಹೆಂಡತಿ ಮಗಳೊಡನೆ ಹೋಗುತ್ತಿದ್ದಾಗ ಬಂಡಿಯು ಹಳ್ಳಕ್ಕೆ ಇಳಿಯಿತು. ಮಗುವನ್ನು ತಡೆಯಲು ದಂಪತಿಗಳ ಕೈಗಳು ತಾವಾಗಿಯೇ ಮುಂದಕ್ಕೆ ಚಾಚಿದವು. ಕೈಗಳ ಬದಲು ಗಾಳಿಯ ಚೀಲವೊಂದು ಹಾಗೆ ಚಾಚಿಕೊಳ್ಳಬಾರದೇಕೆಂದು ಯೋಚಿಸಿ, ೧೯೫೩ರ ಆಗಸ್ಟ್ ೧೮ರಂದು ಅವನು ಪೇಟೆಂಟನ್ನು ಪಡೆದನು. ಆದರೆ ಡಿಕ್ಕಿಯನ್ನು ಕ್ಷಣಾರ್ಧದಲ್ಲಿ ಅರಿತು ಚೀಲವನ್ನು ಉಬ್ಬಿಸುವ ಸಾಧನವು ಆಗ ಇರಲಿಲ್ಲ. ಅದು ಸಿದ್ಧವಾಗುವಷ್ಟರಲ್ಲಿ ಪೇಟೆಂಟಿನ ಅವಧಿಯೇ ಮುಗಿದುಹೋಗಿತ್ತು.

ಇವರೆಲ್ಲರಿಗಿಂತ ವಿಲಕ್ಷಣನಾದವನು ಕನೆಕ್ಟಿಕಟ್ ಪ್ರಾಂತದ ಆಲ್‌ಫ್ರೆಡ್ ಜೂಲಿಯಾನೋ ಎಂಬ ಪಾದ್ರಿ. ೧೯೫೭ರಲ್ಲಿ ಅವನು ‘ಅರೋರಾ’ ಎಂಬ ಸುರಕ್ಷಾ ಬಂಡಿಯನ್ನು ನಿರ್ಮಿಸಿದನು. ತಲೆಯು ತಗುಲದಂತೆ ಹೊರಕ್ಕೆ ಗುಳ್ಳೆಯಾಗಿ ಉಬ್ಬಿದ ಗಾಜು, ಡಿಕ್ಕಿಯ ಮುನ್ಸೂಚನೆ ದೊರೆತಾಗ ಹಿಂದಕ್ಕೆ ತಿರುಗಿಸಬಹುದಾದ ಆಸನಗಳು, ಪಾದಚಾರಿಯನ್ನು ಮೆಲ್ಲನೆ ಎತ್ತಿಕೊಳ್ಳುವಂಥ ಚಮಚದಾಕಾರದ ಮೆದುವಾದ ಮೂತಿ, ಇವೆಲ್ಲ ಅದರಲ್ಲಿದ್ದವು. ಪತ್ರಕರ್ತರಿಗೆ ತೋರಿಸಲು ನ್ಯೂಯಾರ್ಕಿಗೆ ಹೊರಟ ಬಂಡಿಯು ದಾರಿಯಲ್ಲಿ ಪದೇ ಪದೇ ಕೆಟ್ಟು ನಿಂತು, ಗಂಟೆಗಟ್ಟಲೆ ತಡವಾಗಿ ಮುಟ್ಟಿತು. ಅಂಥ ಬಂಡಿಯು ಒಂದೇ ಒಂದು ತಯಾರಾಯಿತು. ಅದರ ವಿಕಾರ ರೂಪವನ್ನು ಕಂಡು ನಕ್ಕವರೇ ಹೆಚ್ಚು. ಆದರೆ ಒಳಗಿನವನನ್ನೂ ಹೊರಗಿನವನನ್ನೂ ಸಮನಾಗಿ ನೆನೆದವರು ಆ ಕಾಲದಲ್ಲಿ ಎಷ್ಟು ಮಂದಿ?

ನಿಲ್ಲಿಸಲು ತಾಣ

ಇನ್ನು ‘ನಿಲ್ಲಿಸು’ ಎಂಬುದರ ಎರಡನೆಯ ಅರ್ಥಕ್ಕೆ ಬರೋಣ. ರಸ್ತೆಯ ಬದಿಯಲ್ಲಿ ಎರಡು ಬಂಡಿಗಳ ನಡುವಿನ ಸಂದಿನಲ್ಲಿ ಮೂರನೆಯದನ್ನು ನುಗ್ಗಿಸುವುದು ಸುಲಭವಲ್ಲ. ಮುಂದಿನ ಚಕ್ರಗಳು ತಿರುಗಬಲ್ಲವು. ಹಿಂದಿನವು ತಿರುಗಲಾರವು, ಅಡ್ಡಕ್ಕೆ ಜಾರಲೂ ಆರವು. ಆದಕಾರಣ ಬಂಡಿಯು ತನ್ನ ಉದ್ದಕ್ಕಿಂತ ಬಹಳ ಹೆಚ್ಚಿನ ಎಡೆಯನ್ನು ಬೇಡುತ್ತದೆ. ಇಲ್ಲಿಯೂ ದೂರದ್ದೇ ಅಭಾವ!

ಕ್ಯಾಲಿಫೋರ್ನಿಯಾದ ಬ್ರೂಕ್ಸ್ ವಾಕರನು ೧೯೩೦ರ ದಶಕದಿಂದಲೇ ಇದಕ್ಕೆ ಪರಿಹಾರವನ್ನು ಹುಡುಕತೊಡಗಿದನು. ನಾವು ‘ಸ್ಟೆಪ್ನಿ’ ಎಂದು ಕರೆಯುವ ಹೆಚ್ಚಿನ ಚಕ್ರವು ಆಗಿನ ಬಂಡಿಗಳಲ್ಲಿ ಸುಮ್ಮನೆ ಕುಳಿತಿರುತ್ತಿತ್ತು. ೧೯೦೪ರಲ್ಲಿ ವೇಲ್ಸ್ ದೇಶದ ಲ್ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ತಯಾರಾದುದರಿಂದ ಅದಕ್ಕೆ ಆ ಹೆಸರು. ಅದನ್ನು ದುಡಿಸಿಕೊಂಡರೇನು? ವಾಕರನು ಆ ಚಕ್ರವನ್ನು ಹಿಂಬದಿಯ ಪೆಟ್ಟಿಗೆಯಲ್ಲಿ ಅಡ್ಡಲಾಗಿ ಹೂಡಿದನು. ಬಂಡಿಯ ಮೂತಿಯನ್ನು ಸಂದಿನೊಳಕ್ಕೆ ತೂರಿಸಿ ಗುಂಡಿಯನ್ನು ಒತ್ತಿದರೆ, ದ್ರವದ ಒತ್ತಡದಿಂದ ಐದನೆಯ ಚಕ್ರವು ಕೆಳಗಿಳಿದು ಹಿಂಭಾಗವನ್ನು ನೆಲದಿಂದ ಎತ್ತುತ್ತಿತ್ತು. ಬಳಿಕ ಎಂಜಿನ್ನಿನ ಬಲದಿಂದಲೇ ಆ ಚಕ್ರವು ಉರುಳಿ, ಗಡಿಯಾರದ ಮುಳ್ಳಿನಂತೆ ಬಂಡಿಯನ್ನು ಮುಂದಿನ ಚಕ್ರಗಳ ಸುತ್ತ ತಿರುಗಿಸಿ ಸಂದಿನೊಳಗೆ ಕೂರಿಸುತ್ತಿತ್ತು. ೧೯೫೦ರ ದಶಕದ ಆರಂಭದಲ್ಲಿ ಕ್ಯಾಡಿಲಾಕ್, ಪ್ಯಾಕಾರ್ಡ್ ಬಂಡಿಗಳಲ್ಲಿ ಇದನ್ನು ತೋರಿಸಿದಾಗ ಜನರು ಬೆಕ್ಕಸಬೆರಗಾದರು. ಆದರೆ ಯಾವ ತಯಾರಕನೂ ಇದನ್ನು ಕೈಗೊಳ್ಳಲಿಲ್ಲ. ಅದು ಸಾಮಾನಿಡುವ ಪೆಟ್ಟಿಗೆಯನ್ನೆಲ್ಲ ನುಂಗುತ್ತಿತ್ತು, ತೂಕವನ್ನೂ ಬೆಲೆಯನ್ನೂ ಏರಿಸುತ್ತಿತ್ತು. ಹೊರಗೆ ಉಳಿಸಿದ ಎಡೆಯನ್ನು ಅದು ಬಂಡಿಯೊಳಗೆ ಕಬಳಿಸಿತು.

ಬಂಡಿಯನ್ನು ಬಿಟ್ಟು ಕಟ್ಟಡವನ್ನೇ ಬದಲಿಸಲು ಹೊರಟವರೂ ಇದ್ದರು. ಪ್ಯಾರಿಸಿನ ಪಾಂತ್ಯೂ ಬೀದಿಯಲ್ಲಿ ಒಗ್ಯೂಸ್ತ್ ಪೆರೇ ಎಂಬ ಶಿಲ್ಪಿಯು ೧೯೦೭ರ ವೇಳೆಗೆ ಬಂಡಿಗಳನ್ನು ಮಹಡಿಗಳಿಗೆ ಏರಿಸಿ ಇರಿಸುವ ಕಾಂಕ್ರೀಟು ಕಟ್ಟಡವನ್ನು ನಿರ್ಮಿಸಿದನು. ೧೯೩೨ರಲ್ಲಿ ಷಿಕಾಗೋ ನಗರದಲ್ಲಿ, ಜಾತ್ರೆಯ ತಿರುಗುವ ತೊಟ್ಟಿಲುಗಳಂತೆ ಬಂಡಿಗಳನ್ನು ತಟ್ಟೆಗಳಲ್ಲಿರಿಸಿ ಸುತ್ತಿಸುವ ಗೋಪುರವು ಎದ್ದಿತು. ನೆಲದ ಮೇಲೆ ಎಡೆ ಇಲ್ಲದಾಗ ಆಕಾಶದಲ್ಲಿ ಎಡೆಯನ್ನು ಹುಡುಕಿದ ಈ ಉಪಾಯವು ಇಂದಿಗೂ ದೊಡ್ಡ ನಗರಗಳಲ್ಲಿ ಬಳಕೆಯಲ್ಲಿದೆ. ಒಕ್ಲಹೋಮ ನಗರದ ಕಾರ್ಲ್ ಮೆಗೀ ಇನ್ನೊಂದು ಬಗೆಯಲ್ಲಿ ಯೋಚಿಸಿದನು. ಬಂಡಿಗಳು ಹಗಲೆಲ್ಲ ಒಂದೇ ಕಡೆ ನಿಂತಿರುವುದೇ ತೊಂದರೆಯ ಮೂಲವಲ್ಲವೆ? ಹೊತ್ತಿಗೆ ಬೆಲೆ ಕಟ್ಟಿದರೆ ಎಡೆಯು ತಾನಾಗಿ ತೆರವಾಗುತ್ತದೆ! ೧೯೩೫ರ ಜುಲೈ ೧೬ರಂದು ಅಲ್ಲಿ ನಿಲ್ಲಿಸಿದ ಗಡಿಯಾರದ ಕಂಬವು ಗಂಟೆಗೆ ೫ ಸೆಂಟುಗಳ ನಾಣ್ಯವನ್ನು ಬೇಡಿತು. ಯಾವ ಬಂಡಿಯ ಒಂದು ಮೊಳೆಯನ್ನೂ ಬದಲಿಸದ ಈ ಸಾಧನವು ಲೋಕವನ್ನೆಲ್ಲ ವ್ಯಾಪಿಸಿತು.

ಮರಳಿ ಬಂದ ಉಪಾಯಗಳು

ಸೋತ ಉಪಾಯಗಳು ಸತ್ತೇಹೋದುವೆ? ಇಲ್ಲ. ೨೦೧೨ರಲ್ಲಿ ವೋಲ್ವೋ ಸಂಸ್ಥೆಯು ಪಾದಚಾರಿಗಾಗಿ ಬಂಡಿಯ ಹೊರಗೆ ಉಬ್ಬುವ ಗಾಳಿಚೀಲವನ್ನು ತಂದಾಗ, ಹಳೆಯ ಬಲೆಯೇ ಹೊಸ ವೇಷದಲ್ಲಿ ಬಂದಂತಾಯಿತು. ೨೦೨೩ರಲ್ಲಿ ದಕ್ಷಿಣ ಕೊರಿಯಾದ ಹ್ಯುಂಡೈ ಮೊಬಿಸ್ ಸಂಸ್ಥೆಯು ನಾಲ್ಕು ಚಕ್ರಗಳನ್ನೂ ಅಡ್ಡಕ್ಕೆ ತಿರುಗಿಸಿ ಏಡಿಯಂತೆ ಪಕ್ಕಕ್ಕೆ ಸರಿಯುವ ವಿದ್ಯುತ್ ಬಂಡಿಯನ್ನು ಪ್ರದರ್ಶಿಸಿತು. ಐದನೆಯ ಚಕ್ರವಿಲ್ಲದೆಯೇ ವಾಕರನ ಕನಸು ಕೈಗೂಡಿತು.

ಆದರೆ ಈ ಇತಿಹಾಸದಲ್ಲಿ ನಮ್ಮನ್ನು ಚಿಂತೆಗೀಡುಮಾಡುವ ಒಂದು ಸಂಗತಿಯುಂಟು. ಬಂಡಿಯೊಳಗಿನವನಿಗೆ ಪಟ್ಟಿ, ಚೀಲ, ಮೆದುವಾದ ಮೂತಿ ಎಲ್ಲವೂ ದೊರೆತವು. ಏಕೆಂದರೆ ಬಂಡಿಯನ್ನು ಕೊಳ್ಳುವವನು ಅವನು. ಹೊರಗಿರುವವನು ಯಾವುದನ್ನೂ ಕೊಳ್ಳುವುದಿಲ್ಲ. ಬಂಡಿಯ ಮುಂಭಾಗವು ಪಾದಚಾರಿಗೆ ಎಷ್ಟು ಹಾನಿ ಮಾಡುತ್ತದೆಂಬುದನ್ನು ಪರೀಕ್ಷಿಸಬೇಕೆಂದು ಯೂರೋಪಿನ ಒಕ್ಕೂಟವು ನಿಯಮ ಮಾಡಿದುದು ೨೦೦೩ರಲ್ಲಿ. ಬ್ರಿಜೆಟ್ ಡ್ರಿಸ್ಕಾಲಳು ಮಡಿದ ೧೦೭ ವರ್ಷಗಳ ಮೇಲೆ! ಭಾರತದಲ್ಲಿ ೨೦೨೨ರಲ್ಲಿ ರಸ್ತೆಯ ಅಪಘಾತಗಳಿಗೆ ಬಲಿಯಾದ ೧,೬೮,೦೦೦ಕ್ಕೂ ಹೆಚ್ಚು ಜನರಲ್ಲಿ ಸುಮಾರು ಐವರಲ್ಲಿ ಒಬ್ಬರು ಕಾಲುನಡಿಗೆಯವರು.

ನಾಳೆ ಬಂಡಿಯನ್ನು ನಡೆಸಲಿರುವ, ಬಹುಶಃ ಬಂಡಿಯನ್ನು ರೂಪಿಸಲೂ ಇರುವ ವಿದ್ಯಾರ್ಥಿಮಿತ್ರರು ಮೇಲಿನ ಲೆಕ್ಕವನ್ನು ಇನ್ನೊಮ್ಮೆ ತಾವೇ ಮಾಡಿ ನೋಡಬೇಕು. ಭಾಗಿಸುವ ದೂರವನ್ನು ಇಮ್ಮಡಿಗೊಳಿಸಲು ಎಂಜಿನಿಯರುಗಳ ಒಂದು ಪೀಳಿಗೆಯೇ ದುಡಿಯಬೇಕಾಯಿತು. ಆದರೆ ಮೇಲಿರುವ ವೇಗವನ್ನು ಅರ್ಧಕ್ಕೆ ಇಳಿಸಿದರೆ ಬಲವು ಕಾಲುಭಾಗಕ್ಕೆ ಇಳಿಯುತ್ತದೆ. ಇದಕ್ಕೆ ಪೇಟೆಂಟು ಬೇಡ, ಕಾರ್ಖಾನೆ ಬೇಡ, ಹಣವೂ ಬೇಡ. ಚಾಲಕನ ಬಲಗಾಲು ಸ್ವಲ್ಪ ಮೇಲೆದ್ದರೆ ಸಾಕು.